ರೈತ-ಶಾಸಕನ ಜೀವನಚರಿತ್ರೆ: ಬಿಟ್ಟುಹೋಗುವ ಅಧ್ಯಾಯ

ಜೀವನಚರಿತ್ರೆಯೆಂಬುದು ಕನ್ನಡಕ್ಕೆ ಹೊಸ ಪ್ರಕಾರವೇನೂ ಅಲ್ಲ. ಹರಿಹರನ ರಗಳೆಗಳಿಂದ ಹಿಡಿದು ಡಿ.ವಿ.ಜಿ.ಯವರ ‘ಜ್ಞಾಪಕ ಚಿತ್ರಶಾಲೆ’ಯವರೆಗೆ ನಮ್ಮವರು ಶರಣರನ್ನೂ ದಿವಾನರನ್ನೂ ವಿದ್ವಾಂಸರನ್ನೂ ಸಂಗೀತಗಾರರನ್ನೂ ಕುರಿತು ಬರೆದಿದ್ದಾರೆ. ಉಳುವವನ ಬಾಳನ್ನು ಬರೆಯಬೇಕಾದಾಗ ಮಾತ್ರ ಕನ್ನಡ ಲೇಖಕರು ಹೆಚ್ಚಾಗಿ ಕಾದಂಬರಿಯನ್ನೇ ಆಶ್ರಯಿಸಿದರು. ‘ಚೋಮನ ದುಡಿ’, ‘ಕಾನೂರು ಹೆಗ್ಗಡಿತಿ’, ‘ಮರಳಿ ಮಣ್ಣಿಗೆ’, ‘ಗ್ರಾಮಾಯಣ’ ಇವುಗಳಲ್ಲಿ ಬೇಸಾಯದ ಬದುಕು ಎಷ್ಟು ತುಂಬಿಕೊಂಡಿದೆಯೆಂಬುದನ್ನು ಓದುಗರಿಗೆ ಹೇಳಬೇಕಾಗಿಲ್ಲ. ಆದರೆ ಹೆಸರು, ಊರು, ಇಸವಿಗಳೊಡನೆ ಒಬ್ಬ ನಿಜವಾದ ರೈತನ ಬಾಳನ್ನು ಹೇಳುವ ಪುಸ್ತಕ ಯಾವುದು ಎಂದು ಯಾರಾದರೂ ಕೇಳಿದರೆ ನಾವು ಕೊಂಚ ಹೊತ್ತು ಯೋಚಿಸಬೇಕಾಗುತ್ತದೆ. ರೈತನಿಗೆ ಕಥೆಯುಂಟು, ಚರಿತ್ರೆಯೆಂಬುದು ಬಲು ಅಪರೂಪ.

ಅದೇ ರೈತ ಚುನಾವಣೆಯಲ್ಲಿ ಗೆದ್ದು ಶಾಸಕನಾದನೆನ್ನಿ. ಒಡನೆಯೇ ಅವನಿಗೊಂದು ಚರಿತ್ರೆ ಹುಟ್ಟಿಕೊಳ್ಳುತ್ತದೆ. ಅದು ದೊರೆಯುವುದು ಮೂರು ರೂಪಗಳಲ್ಲಿ: ಚುನಾವಣೆಯ ಕರಪತ್ರ, ಅರವತ್ತು ತುಂಬಿದಾಗಿನ ಅಭಿನಂದನ ಗ್ರಂಥ, ತೀರಿಕೊಂಡಾಗಿನ ಶ್ರದ್ಧಾಂಜಲಿ ಲೇಖನ. ಕಾಗದ ಬೇರೆ, ಬೆಲೆ ಬೇರೆ. ಕಥೆ ಮಾತ್ರ ಒಂದೇ. ಬಡ ರೈತ ಕುಟುಂಬದಲ್ಲಿ ಜನನ, ಚಿಕ್ಕಂದಿನಲ್ಲೇ ಅನ್ಯಾಯವನ್ನು ಸಹಿಸದ ಸ್ವಭಾವ, ಹೋರಾಟ, ಸೆರೆಮನೆ, ಗೆಲುವು, ವಿಧಾನಸೌಧ. ಕಟ್ಟಕಡೆಗೆ, ಇಷ್ಟು ಎತ್ತರಕ್ಕೆ ಏರಿದರೂ ಮಣ್ಣನ್ನು ಮರೆಯಲಿಲ್ಲ ಎಂಬ ಮೆಚ್ಚುಗೆಯ ಮಾತು. ಈ ಕಥನಕ್ರಮಕ್ಕೆ ‘ಹೊಲದಿಂದ ವಿಧಾನಸೌಧಕ್ಕೆ’ ಎಂದು ಹೆಸರಿಡಬಹುದು. ಇದು ಯಾವುದನ್ನು ಹೇಳುತ್ತದೆ, ಯಾವುದನ್ನು ನುಂಗಿಬಿಡುತ್ತದೆ ಎಂಬುದೇ ಈ ಲೇಖನದ ವಿಷಯ. ಅದನ್ನು ಪರೀಕ್ಷಿಸುವುದಕ್ಕೆ ಮಂಡ್ಯ ಸೀಮೆಯವರೇ ಆದ, ಪಾಂಡವಪುರ ತಾಲ್ಲೂಕು ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯನವರ ಬಾಳಿಗಿಂತ ತಕ್ಕ ನಿದರ್ಶನ ಸಿಗಲಾರದು.

*

ಮೊದಲು ಹೊರಗಿನ ಸಂಗತಿಗಳು. ಪುಟ್ಟಣ್ಣಯ್ಯನವರು ಹುಟ್ಟಿದ್ದು 1949ರಲ್ಲಿ. 1980ರಲ್ಲಿ ನರಗುಂದ ನವಲಗುಂದಗಳಲ್ಲಿ ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಗುಂಡು ಹಾರಿದ ಬಳಿಕ ಕಟ್ಟಿದ ಕರ್ನಾಟಕ ರಾಜ್ಯ ರೈತ ಸಂಘದಲ್ಲಿ ಅವರು ಬೆಳೆದರು. 1994ರಲ್ಲಿ ಪಾಂಡವಪುರ ಕ್ಷೇತ್ರದಿಂದ ವಿಧಾನಸಭೆಗೆ ಆಯ್ಕೆಯಾದರು. ಆ ಚುನಾವಣೆಯಲ್ಲಿ ಸಂಘಕ್ಕೆ ದೊರೆತದ್ದು ಅದೊಂದೇ ಸ್ಥಾನ. 1999ರಲ್ಲಿ ಸದನದಿಂದ ಹೊರಗಾದರು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಪಾಂಡವಪುರವೆಂಬ ಕ್ಷೇತ್ರದ ಹೆಸರೇ ಮರೆಯಾಗಿ ಮೇಲುಕೋಟೆಯೆಂಬ ಹೆಸರು ಬಂತು. ಆ ಹೊಸ ಹೆಸರಿನ ಕ್ಷೇತ್ರದಿಂದ 2013ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದ ಅಭ್ಯರ್ಥಿಯಾಗಿ ಮತ್ತೆ ಗೆದ್ದರು. ಅವಧಿ ಮುಗಿಯುವ ಮೊದಲೇ, 2018ರ ಫೆಬ್ರುವರಿ 18ರಂದು, ಮಂಡ್ಯದಲ್ಲಿ ಕಬಡ್ಡಿ ಪಂದ್ಯ ನೋಡುತ್ತಿದ್ದಾಗ ಹೃದಯಾಘಾತದಿಂದ ತೀರಿಕೊಂಡರು. ಕಾವೇರಿ ನೀರಿನ ಬಗ್ಗೆ ಸುಪ್ರೀಂ ಕೋರ್ಟು ತನ್ನ ಕಡೆಯ ತೀರ್ಪನ್ನು ಕೊಟ್ಟು ಆಗ ಎರಡೇ ದಿನಗಳಾಗಿದ್ದುವು.

ಈ ಲೆಕ್ಕವನ್ನು ಒಂದಿಷ್ಟು ಗಮನಿಸಿ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಅರವತ್ತೆಂಟು ವರ್ಷದ ಬಾಳಿನಲ್ಲಿ ಸದನದೊಳಗಿದ್ದದ್ದು ಸುಮಾರು ಹತ್ತು ವರ್ಷ. ಒಂದು ಗೆಲುವಿಗೂ ಇನ್ನೊಂದು ಗೆಲುವಿಗೂ ನಡುವೆ ಹೊರಗಿದ್ದದ್ದು ಹದಿನಾಲ್ಕು ವರ್ಷ. ‘ಹೊಲದಿಂದ ವಿಧಾನಸೌಧಕ್ಕೆ’ ಎಂಬ ಕಥೆ ಈ ಹದಿನಾಲ್ಕು ವರ್ಷಗಳನ್ನು ಏನು ಮಾಡಬೇಕು? ಅದಕ್ಕೆ ಗೊತ್ತಿರುವುದು ಏರುವ ದಾರಿ ಒಂದೇ. ಆದ್ದರಿಂದ ಅದು, ಸೋಲಿಗೆ ಎದೆಗುಂದದೆ ಜನರ ನಡುವೆಯೇ ಇದ್ದು ಮತ್ತೆ ಗೆದ್ದರು ಎಂಬ ಒಂದು ವಾಕ್ಯದಲ್ಲಿ ಹದಿನಾಲ್ಕು ವರ್ಷಗಳನ್ನು ದಾಟಿಬಿಡುತ್ತದೆ. ಪತ್ರಿಕೆಯ ಭಾಷೆಯಾದರೆ ಅದಕ್ಕೊಂದು ಸಿದ್ಧ ಮಾತೂ ಇದೆ: ವನವಾಸ. ಹದಿನಾಲ್ಕು ಎಂಬ ಸಂಖ್ಯೆಯೂ ಒದಗಿಬಂದಿದೆ. ಊರಿನ ಹೆಸರಿನಲ್ಲಿ ಪಾಂಡವರೂ ಇದ್ದಾರೆ. ಆದರೆ ಈ ಮಾತಿನಲ್ಲಿ ಅಡಗಿರುವ ತಪ್ಪನ್ನು ಗುರುತಿಸಬೇಕು. ವನವಾಸವೆಂದರೆ ತನ್ನದಾದ ನಗರವನ್ನು ಬಿಟ್ಟು ಕಾಡಿಗೆ ಹೋಗುವುದು. ಚುನಾವಣೆಯಲ್ಲಿ ಸೋತ ರೈತ ಹೋಗುವುದು ಕಾಡಿಗಲ್ಲ, ತನ್ನ ಊರಿಗೆ. ಬೆಂಗಳೂರನ್ನು ಅಯೋಧ್ಯೆಯೆಂದು ಎಣಿಸಿದವರಿಗೆ ಮಾತ್ರ ಕ್ಯಾತನಹಳ್ಳಿ ದಂಡಕಾರಣ್ಯವಾಗಿ ತೋರೀತು.

ಆ ಹದಿನಾಲ್ಕು ವರ್ಷಗಳಲ್ಲಿ ಏನೇನು ನಡೆಯಿತು? ಹೊಸ ಶತಮಾನದ ಮೊದಲಲ್ಲೇ ನಾಡಿಗೆ ಒಂದರ ಮೇಲೊಂದು ಬರಗಾಲ ಬಂದುವು. 2002ರಲ್ಲಿ ಕಾವೇರಿ ನೀರಿಗಾಗಿ ಮಂಡ್ಯ ಜಿಲ್ಲೆ ಹೊತ್ತಿ ಉರಿಯಿತು. 2004ರಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರು ತೀರಿಕೊಂಡರು, ರೈತ ಸಂಘ ಬಣಬಣಗಳಾಗಿ ಒಡೆದುಹೋಗಿತ್ತು. 2005ರಲ್ಲಿ ಪುಟ್ಟಣ್ಣಯ್ಯನವರ ಕಡೆಯ ರೈತರೂ ದಲಿತ ಚಳವಳಿಯ ಕೆಲವರೂ ಕೂಡಿ ಸರ್ವೋದಯ ಕರ್ನಾಟಕ ಎಂಬ ಪಕ್ಷವನ್ನು ಕಟ್ಟಿದರು. ‘ಕುಸುಮಬಾಲೆ’ಯ ಲೇಖಕ ದೇವನೂರ ಮಹಾದೇವ ಅದರ ಮುಂಚೂಣಿಯಲ್ಲಿದ್ದರು. 2007ರಲ್ಲಿ ಕಾವೇರಿ ನ್ಯಾಯಮಂಡಳಿಯ ಅಂತಿಮ ಆದೇಶ ಬಂತು. ಒಬ್ಬ ರೈತ ನಾಯಕನ ಬಾಳಿನಲ್ಲಿ ಇವೇ ಅಲ್ಲವೆ ಮುಖ್ಯವಾದ ಅಧ್ಯಾಯಗಳು? ಜಮೀನುಳ್ಳ ಒಕ್ಕಲಿಗನೂ ಆ ಜಮೀನಿನಲ್ಲಿ ಕೂಲಿ ಮಾಡುವ ದಲಿತನೂ ಒಂದು ಬಾವುಟದ ಕೆಳಗೆ ನಿಲ್ಲುವುದೆಂದರೆ ಮಂಡ್ಯದ ಹಳ್ಳಿಯಲ್ಲಿ ಸಣ್ಣ ಮಾತಲ್ಲ. ಕೂಲಿಯ ದರ ಏರಿದರೆ ಒಬ್ಬನಿಗೆ ಅನ್ನ, ಇನ್ನೊಬ್ಬನಿಗೆ ಖರ್ಚು. ಆ ಪ್ರಯತ್ನ ಎಷ್ಟರಮಟ್ಟಿಗೆ ಕೈಗೂಡಿತು, ಯಾವ ಹಳ್ಳಿಯಲ್ಲಿ ಹಿಡಿಯಿತು, ಯಾವ ಹಳ್ಳಿಯಲ್ಲಿ ಬಾಯಿಮಾತಾಗಿ ಉಳಿಯಿತು ಎಂಬುದನ್ನು ಬರೆದರೆ ಅದು ಒಬ್ಬ ವ್ಯಕ್ತಿಯ ಚರಿತ್ರೆಯನ್ನು ಮೀರಿ ಒಂದು ಸೀಮೆಯ ಚರಿತ್ರೆಯಾಗುತ್ತದೆ. ಏರುವ ಕಥೆಗೆ ಅದರ ಗರಜಿಲ್ಲ.

*

ಸೀಮೆಯ ಮಾತು ಬಂದಿತು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳನ್ನು ಹೊರಗಿನವರು ಒಟ್ಟಾಗಿ ‘ಮಂಡ್ಯದ ಕಡೆ’ ಎಂದುಬಿಡುತ್ತಾರೆ. ಸಕ್ಕರೆಯ ನಾಡೆಂಬ ಬಿರುದನ್ನೂ ಸೇರಿಸುತ್ತಾರೆ. ಒಳಗೆ ಹೋಗಿ ನೋಡಿದರೆ ನೀರು ಇವುಗಳನ್ನು ಬೇರೆ ಬೇರೆ ಮಾಡಿಟ್ಟಿದೆ. ಶ್ರೀರಂಗಪಟ್ಟಣ ಹೊಳೆಯ ನಡುವಣ ಊರು. ಕನ್ನಂಬಾಡಿಯ ಕಟ್ಟೆಗಿಂತ ಎಷ್ಟೋ ಹಿಂದಿನಿಂದ ಅಲ್ಲಿ ಕಾವೇರಿಯ ಅಣೆಕಟ್ಟು ಕಾಲುವೆಗಳ ಬೇಸಾಯವುಂಟು. ಹಿಂದೆ ಹಿರೋಡೆಯೆಂದೂ ಫ್ರೆಂಚ್ ರಾಕ್ಸ್ ಎಂದೂ ಕರೆಸಿಕೊಂಡಿದ್ದ ಪಾಂಡವಪುರಕ್ಕೆ ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, ಹೊಸ ಬಾಳನ್ನು ತಂದಿತು. ಆದರೆ ಅದೇ ತಾಲ್ಲೂಕಿನ ಮೇಲುಕೋಟೆಯ ಗುಡ್ಡಗಳ ಕಡೆಗೆ ಹೊರಳಿದರೆ ರಾಗಿ ಹುರುಳಿಗಳ ಒಣಭೂಮಿ. ಕೃಷ್ಣರಾಜಪೇಟೆಯ ಕಣ್ಣು ಹೇಮಾವತಿಯ ಮೇಲೆ. ನಾಗಮಂಗಲದ ಕಣ್ಣು ಬಹುಕಾಲ ಇದ್ದದ್ದು ಮುಗಿಲಿನ ಮೇಲೆ, ಕೆರೆಯ ಮೇಲೆ. ನಾಲೆಯ ಊರಿನವನು ನೀರು ಯಾವ ದಿನ ಬಿಡುತ್ತಾರೆಂದು ಕೇಳುತ್ತಾನೆ. ನಾಗಮಂಗಲದವನು ನೀರು ಬರುತ್ತದೆಯೆ ಎಂದು ಕೇಳುತ್ತಾನೆ. ಇಬ್ಬರೂ ರೈತರೇ, ಇಬ್ಬರ ರಾಜಕೀಯವೂ ಒಂದೇ ಆಗಿರಲು ಸಾಧ್ಯವಿಲ್ಲ.

ಇದೇ ನೆಲ ಕನ್ನಡಕ್ಕೆ ಕೊಟ್ಟ ಕೊಡುಗೆಯನ್ನು ನೆನೆದರೆ ಸೋಜಿಗವಾಗುತ್ತದೆ. ಬಿ.ಎಂ.ಶ್ರೀಯವರದು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ಪು.ತಿ.ನ. ಅವರದು ಮೇಲುಕೋಟೆ. ಎ.ಎನ್. ಮೂರ್ತಿರಾಯರದು ಕೃಷ್ಣರಾಜಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು, ಕೆ.ಎಸ್. ನರಸಿಂಹಸ್ವಾಮಿಯವರದು ಅದೇ ತಾಲ್ಲೂಕಿನ ಕಿಕ್ಕೇರಿ. ಹೊಸಗನ್ನಡದ ಕವಿತೆ, ಪ್ರಬಂಧ, ವಿಮರ್ಶೆಗಳ ತಳಹದಿಯ ಕಲ್ಲುಗಳಲ್ಲಿ ನಾಲ್ಕನ್ನು ಈ ಮೂರು ತಾಲ್ಲೂಕುಗಳೇ ಒದಗಿಸಿವೆ. ಆ ಹಿರಿಯರು ರೈತನ ಚರಿತ್ರೆಯನ್ನು ಬರೆಯಲಿಲ್ಲವೆಂದು ದೂರುವುದು ನ್ಯಾಯವಲ್ಲ. ಅವರ ಕಾಣ್ಕೆ ಬೇರೆ, ಕೆಲಸ ಬೇರೆ. ಆದರೆ ಇಂಥ ಮಾತಿನ ಸಂಪತ್ತುಳ್ಳ ಸೀಮೆಯಲ್ಲಿ ರೈತ ನಾಯಕನ ಬಾಳು ಕರಪತ್ರದ ಭಾಷೆಯಲ್ಲೇ ಉಳಿಯುತ್ತದೆಯೆಂದರೆ, ಕೊರತೆ ಅವರದಲ್ಲ, ಅವರ ಬಳಿಕ ಬಂದವರದು.

*

ಕರಪತ್ರದ ಭಾಷೆಗೆ ಕೆಲಸದ ಜ್ಞಾನ ಬೇಕಾಗಿಲ್ಲ. ‘ಕಬ್ಬು ಬೆಳೆಗಾರರ ಪರವಾಗಿ ಹೋರಾಡಿದರು’ ಎಂದರೆ ಅದಕ್ಕೆ ಮುಗಿಯಿತು. ಚರಿತ್ರೆಗೆ ಅಷ್ಟು ಸಾಲದು. ಕಬ್ಬಿನವನ ಸಿಟ್ಟು ಎಲ್ಲಿ ಹುಟ್ಟುತ್ತದೆಂಬುದು ಗೊತ್ತಿಲ್ಲದೆ ಅವನ ಶಾಸಕನ ಮಾತು ಅರ್ಥವಾಗುವುದಿಲ್ಲ. ನಾಟಿಯಿಂದ ಕಟಾವಿಗೆ ಹೆಚ್ಚುಕಡಿಮೆ ಒಂದು ವರ್ಷ. ಅಷ್ಟು ಕಾಲ ನಾಲೆಯ ನೀರು ಕಟ್ಟು ಪದ್ಧತಿಯಲ್ಲಿ ಬರುತ್ತದೆ: ಇಷ್ಟು ದಿನ ಬಿಡುವುದು, ಇಷ್ಟು ದಿನ ನಿಲ್ಲಿಸುವುದು. ತೂಬಿನ ಹತ್ತಿರದ ಗದ್ದೆಗೆ ನೀರು ಹೊಕ್ಕು ಹರಿದು, ನಾಲೆಯ ಕೊನೆಯವನ ಪಾಲಿಗೆ ಬರುವಷ್ಟರಲ್ಲಿ ಕಟ್ಟು ಮುಗಿದಿರುತ್ತದೆ. ಬೆಳೆ ಕೈಗೆ ಬಂದ ಮೇಲೆ ಕಾರ್ಖಾನೆಯ ಕಟಿಂಗ್ ಆರ್ಡರಿಗೆ ಕಾಯಬೇಕು. ತಡವಾದಂತೆ ಕಬ್ಬು ಸೂಲಂಗಿ ಬಿಡುತ್ತದೆ, ಒಣಗುತ್ತದೆ, ತೂಕ ಇಳಿಯುತ್ತದೆ. ಗಾಡಿಯಲ್ಲಿ ಹೋದ ಮೇಲೆ ಕಾರ್ಖಾನೆಯ ಅಂಗಳದಲ್ಲಿ ಮತ್ತೆ ಕಾಯಬೇಕು. ಅನಂತರ ಹಣಕ್ಕೆ ಕಾಯಬೇಕು. 1966ರ ಕಬ್ಬು ನಿಯಂತ್ರಣ ಆದೇಶ ಹೇಳುವಂತೆ ಕಬ್ಬು ಕೊಟ್ಟ 14 ದಿನಗಳೊಳಗೆ ಹಣ ಪಾವತಿಯಾಗಬೇಕು. ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿ ಸೇರಬೇಕು. ಆದೇಶ ಅಚ್ಚಿನಲ್ಲಿ ಚೆನ್ನಾಗಿದೆ. ಹದಿನಾಲ್ಕು ದಿನಗಳು ತಿಂಗಳುಗಳಾದ ಹಂಗಾಮುಗಳನ್ನು ಮಂಡ್ಯದ ಬೆಳೆಗಾರ ಎಷ್ಟೋ ಕಂಡಿದ್ದಾನೆ. ಕಾಯಲಾರದವನು ಆಲೆಮನೆಗೆ ಹೋಗಿ ಬೆಲ್ಲ ಮಾಡಿಸುತ್ತಾನೆ. ಅಲ್ಲಿ ಬೆಲೆಯನ್ನು ಕಟ್ಟುವವರು ಬೇರೆ.

ಈ ಕಾಯುವಿಕೆಯೇ ಕಬ್ಬಿನ ರಾಜಕೀಯದ ಮೂಲ. ಮೇಲಿನಿಂದ ಬೆಲೆ ಗೊತ್ತುಮಾಡುವುದು ಕೇಂದ್ರ ಸರ್ಕಾರ. 2009ರಿಂದ ಅದಕ್ಕೆ ನ್ಯಾಯಯುತ ಮತ್ತು ಲಾಭದಾಯಕ ಬೆಲೆಯೆಂದು ಹೆಸರು. ಆ ಬೆಲೆ ನಿಲ್ಲುವುದು ಸಕ್ಕರೆಯ ಇಳುವರಿಯ ಮೇಲೆ. ಇಳುವರಿಯನ್ನು ಅಳೆಯುವುದು ಕಾರ್ಖಾನೆ. ಹೀಗೆ ಬೆಳೆದವನ ಕೈಯಲ್ಲಿ ಬೆವರೊಂದು ಬಿಟ್ಟು ಉಳಿದ ಯಾವ ಅಳತೆಗೋಲೂ ಇಲ್ಲ. ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆ ರೈತರ ಷೇರುಗಳ ಮೇಲೆ ಎದ್ದ ಕಾರ್ಖಾನೆ. ಅದೂ ಸಾಲದಲ್ಲಿ ಮುಳುಗಿ, ಗಾಣ ನಿಂತು, 2020ರಲ್ಲಿ 40 ವರ್ಷಗಳ ಗುತ್ತಿಗೆಗೆ ಖಾಸಗಿಯವರ ಕೈ ಸೇರಿತು. ತನ್ನದೆಂದು ಕಟ್ಟಿಕೊಂಡ ಕಾರ್ಖಾನೆಯ ಬಾಗಿಲಲ್ಲೇ ರೈತ ಧರಣಿ ಕೂರಬೇಕಾದದ್ದು ಎಂಥ ವಿಪರ್ಯಾಸವೆಂಬುದನ್ನು ವಿವರಿಸಬಲ್ಲ ಜೀವನಚರಿತ್ರೆಕಾರ ನಮಗೆ ಬೇಕು. ಹೋರಾಟವೆಂಬ ಮಾತನ್ನು ನೂರು ಸಲ ಬರೆದರೂ ಅದು ವಿವರಣೆಯಾಗುವುದಿಲ್ಲ.

*

ರೈತನ ಮಗ ಶಾಸಕನಾಗುವ ವಸ್ತುವನ್ನು ಕನ್ನಡದ ಒಬ್ಬ ದೊಡ್ಡ ಲೇಖಕ ಕೈಗೆತ್ತಿಕೊಂಡದ್ದುಂಟು. ಯು.ಆರ್. ಅನಂತಮೂರ್ತಿಯವರ ‘ಅವಸ್ಥೆ’ 1978ರಲ್ಲಿ ಬಂತು. ಅದರ ನಾಯಕ ಕೃಷ್ಣಪ್ಪಗೌಡನಲ್ಲಿ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಛಾಯೆಯನ್ನು ಓದುಗರು ಮೊದಲಿನಿಂದಲೂ ಗುರುತಿಸಿದ್ದಾರೆ. ಗೋಪಾಲಗೌಡರು 1951ರ ಕಾಗೋಡು ಸತ್ಯಾಗ್ರಹದಿಂದ ಮೇಲೆ ಬಂದವರು. 1952ರಲ್ಲಿ ಶಾಸನಸಭೆಗೆ ಹೋದವರು. ಐವತ್ತು ತುಂಬುವ ಮೊದಲೇ 1972ರಲ್ಲಿ ತೀರಿಕೊಂಡವರು. ಕಾದಂಬರಿಯ ಕೃಷ್ಣಪ್ಪ ದನ ಕಾಯುತ್ತಿದ್ದ ಹುಡುಗ, ಮುಂದೆ ನಾಯಕ, ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಾಗ ಮುಖ್ಯಮಂತ್ರಿಯ ಪದವಿಯೇ ಬಾಗಿಲಿಗೆ ಬಂದು ನಿಲ್ಲುತ್ತದೆ. ಅಧಿಕಾರದ ನೆರಳು ಬಿದ್ದಾಗ ಆತ್ಮ ಹೇಗೆ ಮಲಿನವಾಗುತ್ತದೆ, ಆ ಮಲಿನತೆಯನ್ನು ಅದೇ ಆತ್ಮ ಹೇಗೆ ಗುರುತಿಸುತ್ತದೆ ಎಂಬುದನ್ನು ಇಷ್ಟು ಸೂಕ್ಷ್ಮವಾಗಿ ತೋರಿಸಿದ ಕನ್ನಡ ಕಾದಂಬರಿ ಇನ್ನೊಂದು ಸಿಗುವುದು ಕಷ್ಟ.

‘ಅವಸ್ಥೆ’ಯ ಹಿರಿಮೆಯನ್ನು ಒಪ್ಪುತ್ತಲೇ ಅದರ ಪ್ರಭಾವದ ಬಗ್ಗೆ ಒಂದು ಮಾತು ಹೇಳಬೇಕಾಗಿದೆ. ಅದನ್ನು ಓದಿದ ನಮ್ಮ ವಿದ್ಯಾವಂತ ವರ್ಗ ಅಲ್ಲಿಂದೀಚೆಗೆ ಪ್ರತಿಯೊಬ್ಬ ರೈತ ನಾಯಕನನ್ನೂ ಕೃಷ್ಣಪ್ಪನ ಕನ್ನಡಕದಿಂದಲೇ ನೋಡತೊಡಗಿತು. ಇವನು ಕೆಟ್ಟನೆ, ಕೆಡದೆ ಉಳಿದನೆ? ನಮ್ಮ ಪ್ರಶ್ನೆ ಇದೊಂದೇ ಆಗಿಬಿಟ್ಟಿತು. ಇದು ಮುಖ್ಯವಾದ ಪ್ರಶ್ನೆಯೇ. 1989ರಲ್ಲಿ ರೈತ ಸಂಘದಿಂದ ಎರಡು ಕ್ಷೇತ್ರಗಳಲ್ಲಿ ಗೆದ್ದ ಬಾಬಾಗೌಡ ಪಾಟೀಲರು ಮುಂದೆ ಭಾರತೀಯ ಜನತಾ ಪಕ್ಷದಿಂದ ಲೋಕಸಭೆಗೆ ಹೋಗಿ 1998ರಲ್ಲಿ ಕೇಂದ್ರದ ಮಂತ್ರಿಯಾದಾಗ ಹಲವರು ಈ ಪ್ರಶ್ನೆಯನ್ನು ಕೇಳಿದರು. ಆದರೆ ಪುಟ್ಟಣ್ಣಯ್ಯನವರ ಬಾಳಿಗೆ ಇದನ್ನು ಹಾಕಿ ನೋಡಿದರೆ ಬರುವ ಉತ್ತರ ಚಿಕ್ಕದು: ದೊಡ್ಡ ಪಕ್ಷಗಳನ್ನು ಸೇರಲಿಲ್ಲ, ಮಂತ್ರಿಯಾಗಲಿಲ್ಲ. ಅಲ್ಲಿಗೆ ಕಥೆ ನಿಂತುಹೋಗುತ್ತದೆ. ಒಳ್ಳೆಯವರೆಂಬ ಪ್ರಮಾಣಪತ್ರವೇ ಜೀವನಚರಿತ್ರೆಯಾಗುವುದಿಲ್ಲ.

ಅವರ ಬಾಳು ಎತ್ತುವ ಪ್ರಶ್ನೆ ಬೇರೆ. ಅದು ಶುದ್ಧಿಯ ಪ್ರಶ್ನೆಗಿಂತ ಕಠಿಣವಾದದ್ದು. 224 ಸದಸ್ಯರ ಸಭೆಯಲ್ಲಿ ತನ್ನ ಸಂಘದವನೆಂದರೆ ತಾನೊಬ್ಬನೇ ಆದ ರೈತ ಏನು ಮಾಡಬಲ್ಲ? ಸಂಘ ಹುಟ್ಟಿದ್ದು ಸರ್ಕಾರಕ್ಕೆ ಒಲ್ಲೆನೆನ್ನುವ ಬಲದಿಂದ. ಅಪ್ಪಣೆಯಿಲ್ಲದೆ ಅಧಿಕಾರಿಗಳು ಊರೊಳಗೆ ಬರಕೂಡದೆಂದು ಹಳ್ಳಿಯ ಬಾಗಿಲಲ್ಲಿ ಹಲಗೆ ನೆಟ್ಟ ಚಳವಳಿ ಅದು. ಜಪ್ತಿ ಮಾಡಿದ ಸಾಮಾನುಗಳನ್ನು ಮರಳಿ ತಂದ ಚಳವಳಿ. ಅಂಥ ಚಳವಳಿಯವನು ಸದನಕ್ಕೆ ಹೋದಾಗ, ಯಾವ ಅಧಿಕಾರಿಯನ್ನು ಊರ ಬಾಗಿಲಲ್ಲಿ ತಡೆದಿದ್ದನೋ ಅದೇ ಅಧಿಕಾರಿಯ ಬಳಿಗೆ ರಸ್ತೆಗೆ, ಶಾಲೆಗೆ, ಟ್ರಾನ್ಸ್‌ಫಾರ್ಮರಿಗೆ ಅರ್ಜಿ ಹಿಡಿದು ಹೋಗಬೇಕು. ಮತ ಹಾಕಿದ ಜನ ಇದನ್ನು ಕೇಳಿಯೇ ಕೇಳುತ್ತಾರೆ; ಕೇಳುವುದು ಅವರ ಹಕ್ಕು. ಅರ್ಜಿ ಹಿಡಿದರೆ ಚಳವಳಿಯ ಬಿಗಿ ಸಡಿಲುತ್ತದೆ. ಹಿಡಿಯದಿದ್ದರೆ ಮುಂದಿನ ಚುನಾವಣೆ ಕೈಬಿಡುತ್ತದೆ. ಈ ಇಕ್ಕಟ್ಟು ಒಬ್ಬರ ಗುಣದೋಷದ ಮಾತಲ್ಲ. ಗೆಲುವು, ಸೋಲು, ಮತ್ತೆ ಗೆಲುವು ಎಂಬ ಪುಟ್ಟಣ್ಣಯ್ಯನವರ ಬಾಳಿನ ಏರಿಳಿತವನ್ನು ಓದಬೇಕಾದದ್ದು ಈ ಇಕ್ಕಟ್ಟಿನ ಬೆಳಕಿನಲ್ಲಿ.

*

ಜೀವನಚರಿತ್ರೆಕಾರನ ನಿಜವಾದ ಪರೀಕ್ಷೆ ಇರುವುದು 2015ರಲ್ಲಿ. ಆ ಬೇಸಗೆಯಿಂದ ಮುಂದೆ ಕರ್ನಾಟಕದಲ್ಲಿ ರೈತರ ಆತ್ಮಹತ್ಯೆಗಳು ಒಂದರ ಹಿಂದೊಂದು ನಡೆದುವು. ಮಂಡ್ಯ ಜಿಲ್ಲೆ ಅವುಗಳ ಮುಂಚೂಣಿಯಲ್ಲಿತ್ತು. ಕಾರ್ಖಾನೆಗಳ ಬಾಕಿ, ಕುಸಿದ ಸಕ್ಕರೆ ಬೆಲೆ, ಕೈಸಾಲದ ಬಡ್ಡಿ ಮೂರೂ ಒಟ್ಟಿಗೆ ಬಂದಿದ್ದುವು. ಆ ಜೂನ್ ತಿಂಗಳಿನಲ್ಲಿ ಪಾಂಡವಪುರ ತಾಲ್ಲೂಕಿನ ರೈತರೊಬ್ಬರು ತಾವೇ ಬೆಳೆದ ಕಬ್ಬಿಗೆ ಬೆಂಕಿಯಿಟ್ಟು ಅದೇ ಬೆಂಕಿಯಲ್ಲಿ ಪ್ರಾಣ ಬಿಟ್ಟರು.

ರೈತ ಸಂಘದ ಹಿರಿಯ ನಾಯಕರೇ ಆ ಹೊತ್ತಿನಲ್ಲಿ ಆ ನೆಲದ ಶಾಸಕರು. ನಾಡಿನಲ್ಲಿ ಯಾವ ಊರಿನ ರೈತನಿಗಾದರೂ ತನ್ನ ಮಾತನ್ನು ಸದನದಲ್ಲಿ ಆಡುವವರಿದ್ದಾರೆ ಎಂಬ ಧೈರ್ಯವಿರಬಹುದಾಗಿದ್ದರೆ ಅದು ಪಾಂಡವಪುರದ ರೈತನಿಗೆ. ಅಲ್ಲಿಯೇ ಹೀಗಾಯಿತು. ಅಭಿನಂದನ ಗ್ರಂಥ ಈ ಜಾಗವನ್ನು ದಾಟಿಹೋಗುತ್ತದೆ. ದಾಟಲು ಅದಕ್ಕೆ ಕಾರಣವಿದೆ. ವಿರೋಧಿಗಳ ಕರಪತ್ರ ಇಲ್ಲೇ ನಿಂತು ಬೆರಳು ತೋರಿಸುತ್ತದೆ. ಅದೂ ಸುಲಭದ ಕೆಲಸವೇ. ಕಷ್ಟವಾದದ್ದು ಇವೆರಡರ ನಡುವಣ ಬರವಣಿಗೆ. ಕಾರ್ಖಾನೆಯ ಬಾಕಿಗೂ ಆ ಗದ್ದೆಯ ಬೆಂಕಿಗೂ ನಡುವೆ ಎಷ್ಟು ಮೆಟ್ಟಿಲುಗಳಿವೆ? ಅವುಗಳಲ್ಲಿ ಒಬ್ಬ ಶಾಸಕನ ಕೈಗೆ ಎಟಕುವ ಮೆಟ್ಟಿಲು ಯಾವುದು, ಮಂತ್ರಿಮಂಡಲದ ಕೈಗೆ ಎಟಕುವುದು ಯಾವುದು, ದೆಹಲಿಗೆ ಮಾತ್ರ ಎಟಕುವುದು ಯಾವುದು? ಸಂಘವೂ ಬಹುಕಾಲ ಬೆಲೆಯ ಮಾತನ್ನು ಆಡಿದಷ್ಟು ಕೈಸಾಲದ ಮಾತನ್ನು, ಮನೆಯೊಳಗಿನ ಒಂಟಿತನದ ಮಾತನ್ನು ಆಡಿತೆ? ಈ ಪ್ರಶ್ನೆಗಳನ್ನು ಕೇಳುವುದು ಸತ್ತವರಿಗೆ ಮಾಡುವ ಅಗೌರವವಲ್ಲ. ಆ ರೈತರ ಸಾವಿಗೂ ಆ ಶಾಸಕರ ಬಾಳಿಗೂ ಸಲ್ಲಬೇಕಾದ ಮರ್ಯಾದೆ ಇದೇ. ಈ ಅಧ್ಯಾಯವನ್ನು ಬರೆಯಲಾರದವನು ಉಳಿದ ಅಧ್ಯಾಯಗಳನ್ನು ಬರೆಯದಿದ್ದರೂ ನಷ್ಟವಿಲ್ಲ.

*

ಇನ್ನು ಭಾಷೆಯ ಮಾತು. ಪುಟ್ಟಣ್ಣಯ್ಯನವರು ಮಾತಿನಲ್ಲಿ ಬಲ್ಲಿದರು. ಮಂಡ್ಯದ ಆಡುನುಡಿಯಲ್ಲಿ, ನಗಿಸುತ್ತ ಚುಚ್ಚುತ್ತ ಗಂಟೆಗಟ್ಟಲೆ ಮಾತಾಡಿ ಸಭೆಯನ್ನು ಹಿಡಿದಿಡುತ್ತಿದ್ದವರೆಂದು ಕೇಳಿದವರೆಲ್ಲ ಹೇಳುತ್ತಾರೆ. ಆ ಭಾಷಣಗಳ ಮುದ್ರಿಕೆಗಳೂ ಉಳಿದಿವೆ. ಇಂಥ ಮಾತು ಅಚ್ಚಿಗೆ ಬರುವಾಗ ಏನಾಗುತ್ತದೆ? ‘ಕೃಷಿ ಕ್ಷೇತ್ರದ ಬಿಕ್ಕಟ್ಟಿನ ಬಗ್ಗೆ ಕಳವಳ ವ್ಯಕ್ತಪಡಿಸಿದರು’ ಎಂದಾಗುತ್ತದೆ. ತೂಬು, ಕೂಳೆ, ತರಗು, ನೀರಗಂಟಿ, ಆಲೆಮನೆ ಎಲ್ಲವೂ ಕಳಚಿಬಿದ್ದು ಕೃಷಿ ಕ್ಷೇತ್ರವೊಂದು ಉಳಿಯುತ್ತದೆ. ಆಡಿದವನ ಬುದ್ಧಿ ಇದ್ದದ್ದು ಆ ಕಳಚಿಹೋದ ಮಾತುಗಳಲ್ಲಿ. ಗ್ರಾಂಥಿಕ ಭಾಷೆ ಗೌರವ ಕೊಡುವ ಭರದಲ್ಲಿ ಮಾತಾಡಿದವನನ್ನೇ ಕಳೆದುಬಿಡುತ್ತದೆ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲಿ ಮಾಡಲು ಕೆಲಸ ಬೇಕಾದಷ್ಟಿದೆ. ವಿಧಾನಸಭೆಯ ನಡವಳಿಗಳು ಅಚ್ಚಾಗುತ್ತವೆ; ಅವುಗಳ ಪಕ್ಕದಲ್ಲಿ ಹಳ್ಳಿಯ ಸಭೆಯ ಭಾಷಣದ ಮುದ್ರಿಕೆಯನ್ನಿಟ್ಟು, ಒಬ್ಬನೇ ಮನುಷ್ಯ ಎರಡು ಕಡೆ ಹೇಗೆ ಮಾತಾಡಿದನೆಂದು ನೋಡಿದರೆ, ಪ್ರಜಾಪ್ರಭುತ್ವವು ಕನ್ನಡ ಭಾಷೆಗೆ ಏನು ಮಾಡಿತೆಂಬ ದೊಡ್ಡ ಪ್ರಶ್ನೆಗೆ ಒಂದು ಮೂಲೆಯಿಂದಾದರೂ ಬೆಳಕು ಬೀಳುತ್ತದೆ.

ಬಿರುದುಗಳ ವಿಷಯವೂ ಹೀಗೆಯೇ. ‘ಮಣ್ಣಿನ ಮಗ’ ಎಂಬ ಮಾತು ಸವೆದು ನಾಣ್ಯದಂತಾಗಿದೆ. ಹಸಿರು ಶಾಲು ಒಂದು ಕಾಲದಲ್ಲಿ ಸಂಘದವರ ಗುರುತು. ಪೋಲೀಸರ ಲಾಠಿಗೆ ಎದುರಾಗಿ ನಿಂತವರು ಹೊದ್ದದ್ದು. ಕೃಷ್ಣರಾಜಪೇಟೆ ತಾಲ್ಲೂಕು ಬೂಕನಕೆರೆಯಲ್ಲಿ ಹುಟ್ಟಿದ ಬಿ.ಎಸ್. ಯಡಿಯೂರಪ್ಪನವರು 2018ರಲ್ಲಿ ಅದೇ ಬಣ್ಣದ ಶಾಲು ಹೊದ್ದು ರೈತರ ಹೆಸರಿನಲ್ಲಿ ಮುಖ್ಯಮಂತ್ರಿಯ ಪ್ರಮಾಣವಚನ ತೆಗೆದುಕೊಂಡರು. ಚಳವಳಿ ಗೆದ್ದಿತೆಂದು ಇದನ್ನು ಓದಬಹುದು, ಶಾಲು ಉಡುಪಾಯಿತೆಂದೂ ಓದಬಹುದು. ಚುನಾವಣೆಯ ಪ್ರಮಾಣಪತ್ರಗಳನ್ನು ತೆರೆದು ನೋಡಿದರೆ ಉದ್ಯೋಗ ಕೃಷಿಯೆಂದು ಬರೆದವರು ಎಲ್ಲ ಪಕ್ಷಗಳಲ್ಲೂ ಇದ್ದಾರೆ. ಅವರಲ್ಲಿ ಮಳೆ ತಪ್ಪಿದರೆ ಊಟಕ್ಕೆ ತೊಂದರೆಯಾಗುವವರು ಎಷ್ಟು ಮಂದಿಯೊ! ಹಾಗಾಗಿ ‘ರೈತ ಶಾಸಕ’ ಎಂಬ ಮಾತನ್ನು ಬಳಸುವ ಚರಿತ್ರೆಕಾರ ಮೊದಲು ಆ ಮಾತಿನ ಅರ್ಥವನ್ನು ಗೊತ್ತುಮಾಡಿಕೊಳ್ಳಬೇಕು. ಎಷ್ಟು ಎಕರೆ, ಎಂಥ ನೀರು, ಯಾರ ದುಡಿಮೆ ಎಂಬುದನ್ನು ಹೇಳದೆ ಆ ಮಾತನ್ನು ಹಗುರಾಗಿ ಆಡಬಾರದು.

ಯಾರ ದುಡಿಮೆ ಎಂಬ ಪ್ರಶ್ನೆಯಲ್ಲಿ ಇನ್ನೊಂದು ಪ್ರಶ್ನೆಯೂ ಅಡಗಿದೆ. ಗಂಡಸು ರಸ್ತೆ ತಡೆಗೆ ಹೋದ ದಿನ, ಸೆರೆಮನೆಯಲ್ಲಿದ್ದ ದಿನ ಎಮ್ಮೆ ಕರೆದವರು ಯಾರು? ನಡುರಾತ್ರಿ ನಾಲೆಯ ಸರದಿ ಬಂದಾಗ ಲಾಟೀನು ಹಿಡಿದು ಮಡೆ ತಿರುಗಿಸಿದವರು ಯಾರು? ಚಳವಳಿಯ ಪ್ರತಿಯೊಂದು ಮನೆಯಲ್ಲೂ ಈ ಕೆಲಸ ಮಾಡಿದ ಹೆಂಗಸರಿದ್ದಾರೆ. ಪಹಣಿಯಲ್ಲಿ ಅವರ ಹೆಸರು ಅಪರೂಪ. ಜೀವನಚರಿತ್ರೆಯ ಸೂಚಿಯಲ್ಲಿ ಇನ್ನೂ ಅಪರೂಪ.

*

ಮುಂದೆ ಪುಟ್ಟಣ್ಣಯ್ಯನವರ ಚರಿತ್ರೆಯನ್ನು ಬರೆಯುವವರಿಗೆ ಎರಡು ಆಕರ್ಷಣೆಗಳು ಕಾದಿವೆ. ಒಂದು, ವಂಶದ ಕಥೆ. ಅವರ ಮಗ ದರ್ಶನ್ 2018ರಲ್ಲಿ ಮೇಲುಕೋಟೆಯಲ್ಲಿ ನಿಂತು ಸೋತರು. 2023ರಲ್ಲಿ ಅಲ್ಲಿಂದಲೇ ಗೆದ್ದರು. ತಂದೆಯ ಕನಸನ್ನು ಮಗ ನನಸು ಮಾಡಿದರೆಂಬ ಕೊನೆಯ ಅಧ್ಯಾಯ ತಾನಾಗಿಯೇ ಬರೆದುಕೊಳ್ಳುತ್ತದೆ. ಆದರೆ ಒಂದು ಚಳವಳಿ ಕುಟುಂಬದ ಹೆಸರಿನಿಂದ ಉಳಿಯಬೇಕಾದದ್ದು ಅದರ ಬಲವೋ ದೌರ್ಬಲ್ಯವೋ ಎಂದು ಕೇಳದೆ ಆ ಅಧ್ಯಾಯವನ್ನು ಮುಗಿಸಬಾರದು. ಇನ್ನೊಂದು, ಕಬಡ್ಡಿಯ ಅಂಗಳ. ಒಬ್ಬನೇ ಉಸಿರು ಹಿಡಿದು ಎದುರಾಳಿಗಳ ಅಂಕಣಕ್ಕೆ ನುಗ್ಗುವ ಆಟಗಾರನಿಗೂ ಸದನದ ಒಂಟಿ ಸದಸ್ಯನಿಗೂ ಹೋಲಿಕೆ ಯಾರಿಗಾದರೂ ಹೊಳೆಯುತ್ತದೆ. ಹೊಳೆದದ್ದನ್ನು ಬರೆಯದೆ ಬಿಡುವ ಸಂಯಮವೂ ಜೀವನಚರಿತ್ರೆಕಾರನಿಗೆ ಬೇಕು. ಅವರು ಆಟ ನೋಡಲು ಹೋಗಿದ್ದರು, ಅಷ್ಟು ಸಾಕು.

1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಮೊದಲು ಕರೆದಾಗ ತಾಲ್ಲೂಕುಗಳ ಜಮೀನುದಾರರೂ ವರ್ತಕರೂ ಬಂದು ದಿವಾನರ ಭಾಷಣ ಕೇಳಿ ಹೋದರು. ಕೇಳುವುದಕ್ಕೆ ಬಂದ ರೈತ ಮಾತಾಡುವುದಕ್ಕೆ, ಅನಂತರ ಒಲ್ಲೆನೆನ್ನುವುದಕ್ಕೆ, ಅನಂತರ ತಾನೇ ಶಾಸನ ಮಾಡುವುದಕ್ಕೆ ಬಂದ ದಾರಿ ನೂರು ವರ್ಷಕ್ಕೂ ಉದ್ದವಾದದ್ದು. ಆ ದಾರಿ ಹೊಲದಲ್ಲಿ ಶುರುವಾಗಿ ವಿಧಾನಸೌಧದಲ್ಲಿ ಮುಗಿಯುವುದಿಲ್ಲ. ಹೋಗಿ ಹೋಗಿ ಮತ್ತೆ ಊರಿಗೆ ಹಿಂದಿರುಗುತ್ತದೆ. ಕ್ಯಾತನಹಳ್ಳಿಯ ರೈತರೊಬ್ಬರು ಆ ದಾರಿಯಲ್ಲಿ ಎರಡು ಸಲ ಹೋಗಿ ಬಂದರು. ಹೋದ ವರ್ಷಗಳ ಲೆಕ್ಕ ಸದನದ ನಡವಳಿಗಳಲ್ಲಿ ಇದೆ. ಊರಿನಲ್ಲಿದ್ದ ವರ್ಷಗಳ ಲೆಕ್ಕವನ್ನು ಬಲ್ಲವರು ಆ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ, ವಯಸ್ಸಾಗಿದೆ. ಅವರ ಬಳಿಗೆ ಹೋಗಿ ಕೇಳಿ ಬರೆದುಕೊಳ್ಳುವವರು ಬೇಗ ಹೊರಡಬೇಕು.